ದೋಣಿ ಕುಡಿದ ಬಿರಡೆ

"ಹ್ವಾಯ್, ಎಲ್ರೂ ಹತ್ರ ಬನಿ! ಕಣ್ ಬಿಟ್ಕಂಡ್ ಕಾಣಿ!"

ಗಂಗೊಳ್ಳಿ ಬಂದರಿನ ಕಟ್ಟೆಯ ಮೇಲೆ ನಿಂತು ಹೀಗೆ ಕೂಗಿದವರು ನನ್ನ ಅಕ್ಕನ ಗಂಡ ಕುಷ್ಟ ಭಾವ. ಅವರ ಕೈಯಲ್ಲಿ ಬೂದು ಬಣ್ಣದ ಮೆತ್ತನೆಯ ಬಳೆಯೊಂದಿತ್ತು. ಅದನ್ನು ತುಂಬಿದ ಕೊಡದೊಳಗೆ ಇಳಿಬಿಟ್ಟರು. ಗೊಟಕ್! ಕೊಡ ಖಾಲಿ! ಆ ಸದ್ದು ಹೊಳೆಯಾಚೆ ಕುಂದಾಪುರದವರೆಗೂ ಕೇಳಿಸಿತು. ಗುಡುಗು ಬಂತೆಂದು ಅಲ್ಲಿನವರು ಒಣಹಾಕಿದ ಬಟ್ಟೆ ಎತ್ತಿಟ್ಟರಂತೆ.

"ಕಡಲ ಸ್ಪಂಜಿಗೆ ಒಂಟೆ ಬುದ್ಧಿ ಕಲ್ಸಿದ್ದೆ! ಎಷ್ಟ್ ನೀರ್ ಬಂದ್ರೂ ಕುಡೀತ್ತ್, ಕುಡ್ದ್ ಉಬ್ಬುತ್ತ್, ಉಬ್ಬಿ ತೂತ್ ಮುಚ್ಚುತ್ತ್!" ಎಂದರು ಭಾವ.

ಮುಚ್ಚಬೇಕಾಗಿದ್ದ ತೂತು ಅಪ್ಪಯ್ಯನ ಮರದ ದೋಣಿಯದು. ಎಂಜಿನ್ನಿನಿಂದ ಹೊರಟ ಶಾಫ್ಟು ದೋಣಿಯ ಹಿಂಬದಿ ತೂರಿಕೊಂಡು ಹೊರಗಿನ ಫ್ಯಾನು ತಿರುಗಿಸುತ್ತದಲ್ಲ, ಅಲ್ಲಿ ನೀರು ನುಗ್ಗದಂತೆ ಗ್ರೀಸ್ ಮೆತ್ತಿದ ಹಗ್ಗ ಸುತ್ತಿ ಬಿಗಿದಿರುತ್ತಾರೆ. ಅಪ್ಪಯ್ಯ ತೀರಿಹೋದ ಮೇಲೆ ಆ ಹಗ್ಗ ಬದಲಿಸುವುದು, ಬೋಲ್ಟು ಬಿಗಿಯುವುದು ಎಲ್ಲ ದೋಣಿಯ ಒಡತಿಯಾದ ನನ್ನ ಅಕ್ಕ, ಸಾಕಕ್ಕನದೇ ಕೆಲಸ. ಆ ವರ್ಷ ಶಾಫ್ಟೇ ಸವೆದಿತ್ತು. ಎಷ್ಟು ಬಿಗಿದರೂ ನೀರು ಧಾರೆ ಧಾರೆ. ಈ ಹಂಗಾಮಿಗೆ ಕಡಲಿಗಿಳಿಯದಿದ್ದರೆ ಅಪ್ಪಯ್ಯನ ದೋಣಿ ಸೌದೆಯಾಗುವುದೇ ಗತಿ.

ಆದರೂ ಅಕ್ಕ ಹಿಂಜರಿದಳು. "ಒಂದ್ ಹನಿಯಾರೂ ಬೀಳ್ಕ್. ಹನಿ ಬಿದ್ರೇ ಶಾಫ್ಟ್ ತಂಪ್ ಇಪ್ಪುದ್. ಅಳ್ದೇ ಇಪ್ಪು ದೋಣಿ ಉಳೂದಿಲ್ಲೆ ಅಂತ ಅಪ್ಪಯ್ಯ ಹೇಳ್ತಿದ್ರ್."

"ನಾ ಇಪ್ಪಲ್ಲಿವರಿಗೆ ಈ ದೋಣೀಲಿ ಯಾರೂ ಅಳೂಕಾಗ!" ಎಂದು ಭಾವ ಆ ಸ್ಪಂಜಿನ ಬಳೆಯನ್ನು ಶಾಫ್ಟಿಗೆ ಬಿರಡೆಯಾಗಿ ತೊಡಿಸಿಯೇ ಬಿಟ್ಟರು.

ದೋಣಿ ನಡೆಸುವ ತಾಂಡೇಲ ನಾನು. ನನ್ನ ಹೆಸರು ಕೇಳಿದರೆ ಲಕ್ಷದ್ವೀಪದ ತಿಮಿಂಗಿಲಗಳೂ ದಾರಿ ಬಿಡುತ್ತವೆ. ಜೊತೆಗೆ ಭಾವ, ಅಡುಗೆಗೆ ಅಣ್ಣಪ್ಪ. ಹೊರಟೆವು. ಒಂದು ಹನಿಯೂ ಇಲ್ಲ! ದೋಣಿಯ ತಳ ನಮ್ಮ ಮನೆ ಜಗಲಿಯಷ್ಟು ಒಣಗಿತ್ತು. ಭಾವನ ಎದೆ ಬಿರಡೆಗಿಂತ ಹೆಚ್ಚು ಉಬ್ಬಿತ್ತು.

ಮೊದಲು ಕೂಗಿದವನು ಅಣ್ಣಪ್ಪ. "ತಾಂಡೇಲ್ರೇ, ಗಂಜೀಲಿ ಅನ್ನ ಇತ್ತ್, ತೆಳಿ ನೀರ್ ಇಲ್ಲೆ!"

"ನೀನೇ ಕುಡ್ದಿಪ್ಪೆ ಮಾರಾಯಾ."

"ದೇವ್ರಾಣೆ ಇಲ್ಲೆ! ಕುಡೂ ನೀರಿನ್ ಡ್ರಮ್ಮೂ ಖಾಲಿ!"

ಬಿರಡೆಗೆ ತೂತಿನ ನೀರು ಸಾಲದಾಗಿತ್ತು! ನಾವು ಹಿಡಿದ ಬಂಗುಡೆ ಮೀನು ತುಂಬಿ, ಮೇಲೆ ಐಸು ಹರಡಿದೆವು. ಮುಚ್ಚಳ ಹಾಕಿ ತೆಗೆಯುವಷ್ಟರಲ್ಲಿ ಐಸು ಮಾಯ. ಬಂಗುಡೆಯೆಲ್ಲ ಒಣಮೀನು! ಕಡಲ ನೀರು ಕುಡಿದು ಉಪ್ಪು ಉಗುಳುವ ಒಂಟೆಯಲ್ಲವೇ, ಉಪ್ಪೂ ಹದವಾಗಿ ಹತ್ತಿತ್ತು.

"ಕಾಣಿ, ಬಿಸ್ಲಲ್ಲಿ ಒಣ್ಗ್ಸು ಕೆಲ್ಸವೂ ಉಳೀತ್!" ಎಂದರು ಭಾವ. ಅವರ ನಾಲಿಗೆ ಒಣಗಿ ಚಟಚಟ ಎನ್ನುತ್ತಿತ್ತು.

ಆಗ ಕೇಳಿಸಿತು, ಟಕ್! ಮತ್ತೆ ಟಕ್! ಬಿರಡೆ ಮರದೊಳಗಿನ ತೇವಕ್ಕೆ ಬಾಯಿ ಹಾಕಿತ್ತು. ಅಪ್ಪಯ್ಯನ ಕಾಲದಿಂದ ನೀರು ಕುಡಿದು ಹೊಂದಿಕೊಂಡಿದ್ದ ಹಲಗೆಗಳು ಕುಗ್ಗಿ, ಸಂದು ಬಿಟ್ಟು, ಎಲ್ಲ ಕಡೆಯಿಂದಲೂ ಕಡಲು ಒಳಗೆ ನುಗ್ಗಿತು. ಶಾಫ್ಟಿನ ಕಡೆಯೊಂದು ಬಿಟ್ಟು! ನುಗ್ಗಿದ ನೀರನ್ನೂ ಬಿರಡೆ ಕುಡಿಯಿತು. ಕುಡಿದು ಎಮ್ಮೆಯಷ್ಟಾಯಿತು.

"ತೆಗ್ದ್ ಬಿಡಿ ಭಾವ, ಅದನ್ನ್ ತೆಗ್ದ್ ಬಿಡಿ!"

"ತೆಗ್ದ್ರೆ ಮುಳುಗ್ತೊ ಮಾರಾಯಾ!"

"ತೆಗೀದಿರೆ?"

ಭಾವ ಅಂಗೈಗಳಿಂದ ಹಲಗೆಗಳ ಸಂದು ಮುಚ್ಚತೊಡಗಿದರು.

ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಎಂಟು ಹಲಗೆ ಅವಚಿ ಹಿಡಿದು ದೋಣಿಯನ್ನು ಬಂದರಿಗೆ ತಂದವನು ನಾನು. ಕಾಲಲ್ಲಿ ಹಿಡಿದಿದ್ದ ಹಲಗೆಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ. ಆದರೆ ದಡ ಮುಟ್ಟಿದೊಡನೆ ಹಲಗೆಗಳು ಒಂದೊಂದಾಗಿ ಕಳಚಿ ನೀರಿಗೆ ಬಿದ್ದವು. ಬಿದ್ದದ್ದನ್ನೆಲ್ಲ ಹೊಳೆಯ ಇಳಿತದ ಸೆಳೆತ ಎಳೆದುಕೊಂಡು ಹೋಯಿತು. ಎಷ್ಟು ಜಂಬ ಕೊಚ್ಚಿಕೊಂಡರೇನು, ಒಂದು ಹಲಗೆಯನ್ನೂ ನನಗೆ ಹಿಡಿಯಲಾಗಲಿಲ್ಲ.

ಅಕ್ಕ ಓಡಿ ಬಂದಳು. ಅಳು ಬಂತು. ಬಿರಡೆ ಅದನ್ನೂ ಬಿಡಲಿಲ್ಲ. ಅವಳ ಕೆನ್ನೆಯ ಮೇಲೆ ಎರಡು ಕಾಳು ಉಪ್ಪು ಮಾತ್ರ ಉಳಿಯಿತು.

ಕೊನೆಯ ಹಲಗೆಯೂ ಕಳಚಿದಾಗ ನೀರಿನ ಮೇಲೆ ನಿಂತಿದ್ದದ್ದು ದೋಣಿಯಲ್ಲ, ಬಿರಡೆ! ಒಳಗೆಲ್ಲ ಉಬ್ಬಿ ತುಂಬಿಕೊಂಡು, ಅಪ್ಪಯ್ಯನ ದೋಣಿಯದೇ ಆಕಾರ ತಳೆದ ಬೂದು ಮುದ್ದೆ. ನಡುವೆ ಎಂಜಿನ್ನು, ಹಿಂದೆ ಶಾಫ್ಟು, ಫ್ಯಾನು, ಎಲ್ಲ ಇದ್ದಲ್ಲೇ ಇದ್ದವು. ಮುಂಬದಿಯಲ್ಲಿ ಬಣ್ಣ ಬಳಿದ ಅಣಿಯಿಲ್ಲ, ಅಪ್ಪಯ್ಯ ಬೆನ್ನು ಒರಗಿಸಿ ಸವೆಸಿದ ಹಲಗೆಯಿಲ್ಲ. ಬಂದರಿನವರು ಯಾರೂ ನಗಲಿಲ್ಲ. ನಗುವುದಕ್ಕೆಂದೇ ಬಂದವರೂ ನಗಲಿಲ್ಲ.

ಆಗ ಸದ್ದಾಯಿತು. ಟಪ್.

ಹೊಟ್ಟೆ ತುಂಬಿದ ಬಿರಡೆ ಶಾಫ್ಟಿನ ಪಕ್ಕದಿಂದ ಒಂದು ಹನಿ ಬಿಟ್ಟಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟಪ್.

"ಹೆದ್ರ್‌ಬೇಡಿ ಮಾರಾಯ್ರೇ! ಈ ಹನಿ ನಿಲ್ಸೂಕೆ ಇನ್ನೊಂದ್ ಬಿರಡೆ ಮಾಡ್ತೆ!" ಎಂದು ಭಾವ ಮನೆಯ ಕಡೆ ತಿರುಗಿದರು.

ಅಕ್ಕ ಅವರ ಅಂಗಿಯ ತುದಿ ಹಿಡಿದು ನಿಲ್ಲಿಸಿದಳು. ಆ ಬೂದು ಮುದ್ದೆಗೆ ಕಿವಿ ಹಚ್ಚಿ ಕೇಳಿದಳು. "ಬಿಡಿ, ಬೀಳ್ಲಿ. ಹನಿಯ ಸದ್ದೊಂದಾರೂ ಅಪ್ಪಯ್ಯನ್ ದೋಣಿ ಹಾಂಗೇ ಇತ್ತ್."

ಈಗಲೂ ನಾವು ಅದರಲ್ಲೇ ಕಡಲಿಗೆ ಹೋಗುತ್ತೇವೆ. ಮೀನು ಹಿಡಿದಾಗಲೇ ಒಣಗಿರುತ್ತದೆ. ಭಾವ ಮಾತ್ರ ಒಂದು ಲೋಟ ನೀರು ಕುಡಿಯಬೇಕಾದರೂ ಅಕ್ಕನನ್ನು ಕೇಳಿಯೇ ಕುಡಿಯುತ್ತಾರೆ.