ಮೈನಸ್ ಹನ್ನೆರಡು ಮೀಟರಿನ ಹೊಲ

ಗಣಿತದ ಮೇಷ್ಟ್ರು ಹೆಂಡತಿಗೆ ಪಾಠ ಹೇಳಬಾರದು. ಊರಿನ ಮಕ್ಕಳಿಗೆಲ್ಲ ಹೇಳಬಹುದು. ಅವರು ನಾವು ಹೇಳಿದ್ದನ್ನು ನಂಬುತ್ತಾರೆ, ಇಲ್ಲವೇ ನಂಬಿದವರಂತೆ ತಲೆಯಾಡಿಸುತ್ತಾರೆ. ಹೆಂಡತಿಗೆ ಎರಡೂ ಬರುವುದಿಲ್ಲ. ಈ ಜ್ಞಾನೋದಯ ನನಗಾದದ್ದು ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ.

ನನ್ನ ಹೆಂಡತಿ ಪಾರ್ವತಿ ಬಾದನಹಟ್ಟಿಯವಳು. ಹತ್ತನೇ ತರಗತಿಯಲ್ಲಿ ಗಣಿತವೊಂದರಲ್ಲೇ ನಪಾಸಾಗಿ, ಮುಂದೆ ಗಣಿತದ ಮೇಷ್ಟ್ರನ್ನೇ ಕಟ್ಟಿಕೊಂಡವಳು. ಈ ವರ್ಷ ಮಗಳು ಕಾಲೇಜು ಸೇರಿದ ಮೇಲೆ, "ಆ ಒಂದು ವಿಷಯ ಮುಗಿಸೇ ಬಿಡ್ತೀನ್ರಿ. ಯಾರಾರ ಓದು ಎಷ್ಟಾಗೈತಿ ಅಂತ ಕೇಳಿದ್ರ ತಲಿ ಬಗ್ಗಿಸೂದು ಸಾಕಾಗೈತಿ" ಅಂದಳು. ನಾನೇ ಕಲಿಸುತ್ತೇನೆಂದು ಎದೆ ತಟ್ಟಿಕೊಂಡೆ.

ವರ್ಗಮೂಲದವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಎಕ್ಸ್ ವರ್ಗ ನಲವತ್ತೊಂಬತ್ತಾದರೆ ಎಕ್ಸ್ ಎಷ್ಟು ಎಂದೆ. "ಏಳು" ಅಂದಳು. "ಮೈನಸ್ ಏಳೂ ಆಗತೈತಿ. ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್" ಎಂದೆ. ಆಕೆ ಪೆನ್ನು ಕೆಳಗಿಟ್ಟಳು. "ಹಂಗಾರ ನಿಮ್ಮ ಸಿಟ್ಟಿಗೆ ನನ್ನ ಸಿಟ್ಟು ಗುಣಿಸಿದ್ರ ಪ್ರೀತಿ ಆಗತೈತೇನ್ರಿ?"

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಉತ್ತರ ತಿಳಿಯದ ಮೇಷ್ಟ್ರು ಮಾಡುವುದನ್ನೇ ಮಾಡಿದೆ, ಗದರಿದೆ. ಆಕೆಯೂ ಗದರಿದಳು. ಎರಡು ದಿನ ಸಾರಿಗೆ ಉಪ್ಪಿಲ್ಲ. ಮೂರನೆಯ ದಿನ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದು ಮುಂದಿಟ್ಟು, "ಪ್ಲಸ್ ಆತು, ತಿನ್ರಿ" ಅಂದಳು. ಅಂದಿನಿಂದ 'ಎರಡು ಉತ್ತರ, ಎರಡು ಉತ್ತರ' ಎಂದು ಜಪ ಮಾಡಿಸಿದೆ.

ಪರೀಕ್ಷೆ ಬರೆದು ಬಳ್ಳಾರಿಯಿಂದ ಬಂದವಳನ್ನು ಬಸ್ ಸ್ಟ್ಯಾಂಡಿನಲ್ಲೇ ಹಿಡಿದೆ. ಚೌಕಾಕಾರದ ಹೊಲವೊಂದರ ಲೆಕ್ಕ ಬಂದಿತ್ತು. ವಿಸ್ತೀರ್ಣ ನೂರಾ ನಲವತ್ತನಾಲ್ಕು ಚದರ ಮೀಟರ್, ಬದಿ ಎಷ್ಟು?

"ಹನ್ನೆರಡು ಅಂತ ಬರದೀನಿ."

"ಮೈನಸ್ ಹನ್ನೆರಡು?"

"ಬರದು ಹೊಡದ್ಹಾಕಿದೆ."

"ಅಯ್ಯ, ಎಷ್ಟು ಸಲ ಬಡಕೊಂಡೆ!" ಎಂದು ಜನರೆದುರೇ ಕೂಗಿದೆ.

"ಹೊಲದ ಬದಿ ಮೈನಸ್ ಹೆಂಗಾಗತೈತ್ರಿ? ಇದ್ರ ನೀವೇ ಬಿತ್ತಾಕ ಹೋಗ್ರಿ" ಎಂದು ಚೀಲವನ್ನು ನನ್ನ ಕೈಗಿಟ್ಟು ಮುಂದೆ ನಡೆದಳು. ಲೆಕ್ಕದ ಭರದಲ್ಲಿ ನನಗೆ ಹೊಲವೇ ಮರೆತುಹೋಗಿತ್ತು. ನಂದು ತಪ್ಪಾಯಿತು ಅನ್ನುವ ಬದಲು ಚೀಲ ಹೊತ್ತುಕೊಂಡೆ.

ಪಾಸಾದಳು. ಆ ಸಂತೋಷಕ್ಕೆ ನನ್ನ ಕಣ್ಣೇ ತುಂಬಿ ಬಂತು. ಪಕ್ಕದ ಮನೆಯ ಗೌರಕ್ಕ ಬಾಗಿಲಲ್ಲಿ ನಿಂತು, "ಮನಿಯವ್ರೇ ಕಲಿಸಿದ್ರೇನವಾ?" ಎಂದು ಕೇಳಿದರು.

"ಹೂಂ ಅಕ್ಕ. ಅವ್ರಿಗೆ ಯಾವಾಗ್ಲೂ ಎರಡು ಉತ್ತರ ಬರ್ತಾವ. ಯಾವುದನ್ನ ಹೊಡದ್ಹಾಕಬೇಕು ಅನ್ನೂದು ನಾ ನೋಡ್ಕೊಂತೀನಿ."

ಒಳಗಿದ್ದ ನಾನು, ನನ್ನನ್ನು ಇನ್ನೂ ಹೊಡೆದುಹಾಕದೆ ಉಳಿಸಿಕೊಂಡಿದ್ದಾಳಲ್ಲ ಎಂಬ ಸಮಾಧಾನದಲ್ಲಿ, ಪೇಢಾ ತಟ್ಟೆ ಹಿಡಿದು ಹೊರಗೆ ಬಂದೆ.