ಯೋಧನ ಹೊಟ್ಟೆಕಿಚ್ಚು

ಕತ್ತಿ ಹಿರಿದ ಮೇಲೂ ಬಾಯಿ ಮುಚ್ಚದ ಗುಂಪು ನಮ್ಮದು, ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ಬಸವೇಶ್ವರನಗರದ ನನ್ನ ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಮೇಜಿನ ಸುತ್ತ ಕೂತು ರಾಕ್ಷಸರನ್ನು ಕೊಲ್ಲುತ್ತೇವೆ. ಆಟದಲ್ಲಿ ಒಬ್ಬೊಬ್ಬರಿಗೂ ಒಂದು ಪಾತ್ರ, ಒಂದು ಪಾಳಿಗೆ ಒಂದೇ ಕೆಲಸ. ಏಟು ಬಿತ್ತೋ ತಪ್ಪಿತೋ, ದಾಳ ಹೇಳುತ್ತದೆ. ಕಥೆ ನಡೆಸುವವರು ಒಬ್ಬ ಗಣಿತದ ಮೇಷ್ಟ್ರು. ನಾನು ಆರು ವರ್ಷದಿಂದ ಯೋಧ. ದೊಡ್ಡ ರಾಕ್ಷಸ ಒಂದೂ ನನ್ನ ಕೈಯಲ್ಲಿ ಸತ್ತಿಲ್ಲ.

ಉಸಿರಿನ ರೂಲು

ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಇತ್ತೀಚೆಗೆ ನಾಲ್ಕನೆಯವರಾಗಿ, ಮಂತ್ರವಾದಿಯ ಪಾತ್ರಕ್ಕೆ ಸೇರಿಕೊಂಡರು. ನಮ್ಮ ಬಿಲ್ಲುಗಾರ, ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ, ಎರಡನೇ ವಾರಕ್ಕೇ ಅವರನ್ನು ಕೇಳತೊಡಗಿದ: "ಸಾರ್, ಈಗೇನ್ ಮಾಡ್ಲಿ?" ಆರು ವರ್ಷ ನನ್ನನ್ನು ಕೇಳುತ್ತಿದ್ದವನು. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು.

ಯುದ್ಧದಲ್ಲಿ ಸಲಹೆ ಬಂದ್, ಪಾತ್ರ ಒಂದೇ ಉಸಿರಿಗೆ ಕೂಗುವಷ್ಟೇ ಮಾತು ಎಂದು ನಾನೇ ರೂಲ್ ತಂದೆ. ಮೊದಲು ಮುರಿದವನೂ ನಾನೇ. ಬಿಲ್ಲುಗಾರನಿಗೆ ಎಡಕ್ಕೆ ಹೋಗು, ಬಂಡೆ ಹತ್ತು, ಕಣ್ಣಿಗೇ ಹೊಡಿ ಎಂದು ಮೂರು ನಿಮಿಷ ಪಾಠ ಮಾಡಿದೆ.

ಮೇಷ್ಟ್ರು ಗಡಿಯಾರ ನೋಡಿದರು. "ಇಷ್ಟುದ್ದ ಉಸಿರಿದ್ರೆ ಯುದ್ಧಕ್ಕೆ ಯಾಕ್ರೀ ಬಂದ್ರಿ? ಶಂಖ ಊದ್ಕೊಂಡಿರ್ಬೋದಿತ್ತು."

ಗುಂಯ್

ಆಮೇಲೆ ಎಲ್ಲರೂ ಮೌನಿಗಳಾದರು. ಆದರೂ ಬಿಲ್ಲುಗಾರನ ಬಾಣ ಮಾತ್ರ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಬಗ್ಗಿ ನೋಡಿದರೆ ಮೇಜಿನ ಕೆಳಗೆ ಫೋನ್ ಹಿಡಿದು ಅವನೂ ಬ್ಯಾಂಕಿನವರೂ ವಾಟ್ಸಾಪಿನಲ್ಲಿ! ನಾನಿಲ್ಲದ ಗ್ರೂಪು. ಸಲಹೆ ಕೊಟ್ಟದ್ದಕ್ಕಿಂತ ನನ್ನನ್ನು ಬಿಟ್ಟದ್ದೇ ಹೆಚ್ಚು ಚುಚ್ಚಿತು.

ಮೇಷ್ಟ್ರಿಗೆ ದೂರು ಕೊಟ್ಟೆ. "ಇದೆಲ್ಲ ತಪ್ಪು" ಎಂದು ಅವರು ಗಂಭೀರವಾಗಿ ಹೇಳುತ್ತಿರುವಾಗಲೇ ಅವರ ಜೇಬು ಗುಂಯ್ ಎಂದಿತು. ಆ ಗ್ರೂಪಿಗೆ ಅವರೇ ಅಡ್ಮಿನ್.

ಒಂದು ಸೀಸೆ ಔಷಧ

ಕಳೆದ ಭಾನುವಾರ ಫೋನುಗಳನ್ನೆಲ್ಲ ಅಡುಗೆಮನೆಯ ಡಬ್ಬಿಯಲ್ಲಿಟ್ಟು ಕೂತೆವು. ದೊಡ್ಡ ರಾಕ್ಷಸ ಬಂದ. ಬಿಲ್ಲುಗಾರ ಸತ್ತ. ಮಂತ್ರವಾದಿ ಪ್ರಜ್ಞೆ ತಪ್ಪಿ ಬಿದ್ದ, ಹಾಗಾಗಿ ಬ್ಯಾಂಕಿನವರು ರೂಲಿಗೆ ತಲೆಬಾಗಿ ಕಣ್ಣು ಮುಚ್ಚಿ ಕೂತರು. ನಿಂತಿದ್ದವನು ನಾನೊಬ್ಬನೇ. ಇನ್ನೊಂದು ಏಟಿಗೆ ರಾಕ್ಷಸ ಸಾಯುತ್ತಿದ್ದ, ಇನ್ನೊಂದು ಏಟಿಗೆ ನಾನೂ. ಆರು ವರ್ಷ ಕಾದ ಗಳಿಗೆ.

ಆದರೆ ಅವನ ಮರ್ಮ ಎಲ್ಲಿದೆಯೆಂದು ಮಂತ್ರವಾದಿಗೆ ಮಾತ್ರ ಗೊತ್ತು. ನನ್ನ ಚೀಲದಲ್ಲಿ ಒಂದು ಸೀಸೆ ಔಷಧವಿತ್ತು. ಎಬ್ಬಿಸಿದರೆ ಕೀರ್ತಿ ಮತ್ತೆ ಅವರದೇ ಎಂದು ಹೊಟ್ಟೆಕಿಚ್ಚು ಹೇಳಿತು. ಸುಮ್ಮನೆ ಹೊಡೆದು ಏಟು ತಪ್ಪಿದರೆ ಎಂದು ಭಯ ಹೇಳಿತು. ಕೊನೆಗೆ ಮಾನ ಬಿಟ್ಟು ಔಷಧವನ್ನು ಮಂತ್ರವಾದಿಯ ಬಾಯಿಗೆ ಸುರಿದೆ.

"ಸಾರ್, ಬೇಗ ಹೇಳಿ, ಎಲ್ಲಿ ಹೊಡೀಲಿ?"

ಬ್ಯಾಂಕಿನವರು ನಿಧಾನವಾಗಿ ಕಣ್ಣು ಬಿಟ್ಟರು. ಖಾಲಿ ಸೀಸೆ, ನನ್ನ ಕತ್ತಿ, ರಾಕ್ಷಸ, ಮೂರನ್ನೂ ಲೆಕ್ಕ ಹಾಕಿ ಒಂದೇ ಉಸಿರಿಗೆ ಹೇಳಿದರು:

"ಔಷಧ ಕುಡಿಸೋದ್ರಾಗ ನಿಮ್ಮ ಪಾಳಿ ಮುಗೀತ್ರಿ, ಈಗ ಹೊಡ್ಯಾಂವ ಅವ."