ಒಂದು ದಿನದ ತಂಗಿ

ಸುಳ್ಳು ಹೇಳುವುದರಲ್ಲಿ ಅಂಬರೀಶ ಬಲು ಕಚ್ಚಾ. ಸುಳ್ಳು ಬಾಯಿಗೆ ಬರುವುದಿಲ್ಲ ಅಂತಲ್ಲ, ಹೇಳಿದ್ದು ನೆನಪಿರುವುದಿಲ್ಲ. ಅಂಥವನು ಒಂದೇ ಮುಂಜಾನೆ ಹತ್ತು ನಿಮಿಷದ ಅಂತರದಲ್ಲಿ ಎರಡು ಸುಳ್ಳು ಹೇಳಿದ. ಮುಂದೆ ಆಗಿದ್ದಕ್ಕೆಲ್ಲ ಇಷ್ಟೇ ಕಾರಣ.

ಮೂರು ವರ್ಷದ ಹಿಂದೆ ಮಲ್ಲಟದಿಂದ ಬಂದು ದೇವದುರ್ಗದಲ್ಲಿ ನೆಲೆಸಿದ ಹೈಸ್ಕೂಲ್ ಗುಮಾಸ್ತ ಅವನು. ತನ್ನ ಮನೆಯ ಪಕ್ಕದ ಎರಡು ಕೋಣೆಯ ಮನೆಯನ್ನೂ ಕೊಂಡಿದ್ದ. ಅದು ಖಾಲಿ ಬಿದ್ದಿತ್ತು. ಖಾಲಿ ಮನೆ ಕಂಡರೆ ಅವನ ಹೆಂಡತಿ ಮೌನೇಶ್ವರಿಗೆ ಮಾನ್ವಿಯಲ್ಲಿರುವ ತಮ್ಮ ಉಮೇಶ ನೆನಪಾಗುತ್ತಿದ್ದ. ಉಮೇಶ ಅಂದರೆ ಅಂಬರೀಶನಿಗೆ ಅವನ ನಲವತ್ತು ಪಾರಿವಾಳಗಳು ನೆನಪಾಗುತ್ತಿದ್ದವು. ಹೋದ ವರ್ಷ "ಎರಡು ದಿನ ಇದ್ದು ಹೋಗ್ತೀನಿ ಮಾಮಾ" ಅಂತ ಹಕ್ಕಿ ಸಮೇತ ಬಂದ ಪುಣ್ಯಾತ್ಮ ನಾಲ್ಕು ತಿಂಗಳು ಇದ್ದ. ಆ ನಾಲ್ಕೂ ತಿಂಗಳು ಮಾಳಿಗೆ ಮೇಲೆ ಒಣಹಾಕಿದ ಅಂಗಿಯನ್ನೆಲ್ಲ ಅಂಬರೀಶ ಎರಡೆರಡು ಸಲ ತೊಳೆದ.

ಅದಕ್ಕೇ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಮನೆ ಕೊಡುವ ಮೊಬೈಲ್ ಆ್ಯಪಿನಲ್ಲಿ ಆ ಮನೆಯ ಫೋಟೋ ಹಾಕಿದ್ದ.

"ಒಂದ್ ಮಾತು," ಅಂದಿದ್ದಳು ಮೌನೇಶ್ವರಿ. "ಮೊದಲ ಬಂದ ಮಂದಿ ಐದು ಸ್ಟಾರ್ ಕೊಟ್ಟು ಹೋದ್ರ ಮನಿ ನಿಮ್ಮ ಇಷ್ಟ. ಇಲ್ಲಾಂದ್ರ ಚಾವಿ ನನ್ನ ತಮ್ಮಗ. ಆಮ್ಯಾಲ ತಕರಾರು ತಗೀಬಾರದು."

ಆ ಭಾನುವಾರ ಮುಂಜಾನೆ ಓಣಿಗೆ ಕಾರು ಬಂತು. ಚಿತ್ರದುರ್ಗದ ಚಂದ್ರಕಲಾ ಎಂಬ ನಡುವಯಸ್ಸಿನ ಹೆಂಗಸು, ಜೊತೆಗೆ ಆಕೆಯ ಗಂಡ. ಸ್ನಾನ ಮುಗಿಸಿ, ಗಬ್ಬೂರಿನ ಹಳೇ ಗುಡಿಗಳನ್ನು ನೋಡಿಬಂದು, ಸಂಜೆ ಹೊರಡುವವರು. ಅಂಬರೀಶ ಬಕೆಟ್ ಹಿಡಿದು ಓಡಾಡತೊಡಗಿದ.

ಎದುರುಮನೆಯ ಗೋಪಮ್ಮ ಅರ್ಧ ತಿಕ್ಕಿದ ಕೊಡ ಹಿಡಿದುಕೊಂಡೇ ಬಂದಳು. "ಯಾರ್ರಿ ಬಂದವರು?"

ದಿನದ ಬಾಡಿಗೆ ಅಂದರೆ ಓಣಿಯಲ್ಲಿ ಲಾಡ್ಜ್ ತೆಗೆದಿದ್ದಾನೆ ಅಂತ ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಅಂಬರೀಶ ತಡಬಡಿಸಿ, "ನಮ್ಮ ಕಾಕಾನ ಮಗಳ್ರಿ. ನನಗ ತಂಗಿ ಆಗಬೇಕು," ಅಂದುಬಿಟ್ಟ.

ಹತ್ತು ನಿಮಿಷಕ್ಕೆ ದುರುಗಪ್ಪ ಬಂದ. ರಿಟೈರ್ ಆದ ಬಸ್ ಕಂಡಕ್ಟರ್. ಬಸ್ಸು ಬಿಟ್ಟರೂ ಮಂದಿಯನ್ನು ನಿಲ್ಲಿಸಿ ಕೇಳುವ ಚಟ ಬಿಟ್ಟಿರಲಿಲ್ಲ. "ಕಾರಿನ್ಯಾಗ ಬಂದವರು ಯಾರು? ಎಲ್ಲಿಂದ ಎಲ್ಲಿಗಿ?"

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ನಿಂತಿತ್ತು. ಅಂಬರೀಶನ ತಲೆ ಅಲ್ಲಿತ್ತು. "ನಮ್ಮ ಮನಿಯಾಕಿ ಅಕ್ಕಾರ್ರೀ. ಒಡಹುಟ್ಟಿದ ಖಾಸಾ ಅಕ್ಕ!"

ಗಂಡಹೆಂಡತಿ ಗಬ್ಬೂರಿಗೆ ಹೋದರು. ಗೋಪಮ್ಮ ಮತ್ತು ದುರುಗಪ್ಪ ಕಿರಾಣಿ ಅಂಗಡಿಯಲ್ಲಿ ಸೇರಿದರು. ಅರ್ಧ ತಾಸಿನಲ್ಲಿ ಇಬ್ಬರೂ ಗಂಭೀರ ಮುಖ ಹೊತ್ತು ಅಂಬರೀಶನ ಕಟ್ಟೆಗೆ ಬಂದು ಕೂತರು.

"ಹೇಳಾಕ ಬಾಯಿ ಬರವಲ್ದು ತಮ್ಮಾ," ದುರುಗಪ್ಪ ಶುರುಮಾಡಿದ. "ನಿಮ್ಮ ಕಾಕಾನ ಮಗಳು ಅಂದ್ರ ನಿನಗ ತಂಗಿ. ಹೌದಲ್ಲ?"

"ಹೌದ್ರಿ."

"ಆಕಿ ಖಾಸಾ ತಂಗಿ ಯಾರು?"

"ಯಾರ್ರಿ?"

"ನಿನ್ನ ಹೆಂಡ್ತಿ!"

"ಯವ್ವಾ! ತಂಗೀನ ಕಟಗೊಂಡು ಸಂಸಾರ ಮಾಡಾಕತ್ತಾನ!" ಗೋಪಮ್ಮ ಗಲ್ಲ ಗಲ್ಲ ಬಡಿದುಕೊಂಡಳು.

ಅಂಬರೀಶ ಬೆರಳು ಮಡಿಚಿ ಎಣಿಸಿದ. ಆ ಕಡೆಯಿಂದ ಎಣಿಸಿದರೂ ಈ ಕಡೆಯಿಂದ ಎಣಿಸಿದರೂ ಹೆಂಡತಿ ತಂಗಿಯೇ ಆಗುತ್ತಿದ್ದಳು. ಗದ್ದಲ ಕೇಳಿ ಮೌನೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಾ ಯಾವಾಗ ನಿಮಗ ತಂಗಿ ಆದ್ನಿ?"

"ಇವತ್ತ ಮುಂಜಾನಿ," ಅಂದ ಅಂಬರೀಶ, ಪ್ರಾಮಾಣಿಕವಾಗಿ.

ಆಕೆ ಗಂಡನನ್ನು ಕಣ್ಣಲ್ಲೇ ಸುಟ್ಟು, ಹಿರಿಯರ ಕಡೆ ತಿರುಗಿದಳು. "ನನಗ ಅಕ್ಕನೇ ಇಲ್ರಿ. ಇವರು ನಿದ್ದಿಗೆಟ್ಟರ ಹಿಂಗ ಬಡಬಡಸ್ತಾರ. ಬಂದಾಕಿ ಇವರ ತಂಗೀನೇ."

ಒಂದು ಸುಳ್ಳು ಸತ್ತು ಇನ್ನೊಂದು ಗಟ್ಟಿಯಾಯಿತು. ದುರುಗಪ್ಪ ನಿಟ್ಟುಸಿರು ಬಿಟ್ಟು ಎದ್ದ. ಗೋಪಮ್ಮ ಮಾತ್ರ ಏಳಲಿಲ್ಲ.

"ಮುಂದಿನ ವಾರ ಪಂಚಮಿ ಅದ. ತಂಗಿ ತವರಿಗಿ ಬಂದಾಳ. ಉಡಿ ತುಂಬದ ಕಳಸ್ತೀರೇನು? ಓಣಿ ಮಾನ ಏನಾಗಬೇಕು?"

ನಾಲ್ಕು ಗಂಟೆಗೆ ಕಾರು ತಿರುಗಿ ಬಂದಾಗ ಬಾಗಿಲಲ್ಲಿ ರಂಗೋಲಿ, ಒಳಗೆ ಹೋಳಿಗೆ ವಾಸನೆ, ಪಡಸಾಲೆಯ ತುಂಬ ಹೆಣ್ಣುಮಕ್ಕಳು.

"ಏನಿದು?" ಅಂದಳು ಚಂದ್ರಕಲಾ.

"ಇದೂ ಪ್ಯಾಕೇಜಿನ್ಯಾಗ ಅದರೀ ಮೇಡಂ," ಅಂಬರೀಶ ಪಿಸುಗುಟ್ಟಿದ.

"ಬರೀ ಬೆಳಗಿನ ತಿಂಡಿ ಅಂತ ಬರೆದಿತ್ತಲ್ಲ?" ಆಕೆಯ ಗಂಡ ಫೋನು ತೆಗೆದು ನೋಡತೊಡಗಿದ.

ಅಷ್ಟರಲ್ಲಿ ಗೋಪಮ್ಮ ಆಕೆಯನ್ನು ಎಳೆದು ಚಾಪೆಯ ಮೇಲೆ ಕೂಡಿಸಿಯೇಬಿಟ್ಟಳು. ಮೌನೇಶ್ವರಿ ಪಂಚಮಿಗೆಂದು ತಾನೇ ಉಡಲು ತಂದಿಟ್ಟಿದ್ದ ಇಳಕಲ್ ಸೀರೆಯನ್ನು ಹಲ್ಲು ಕಚ್ಚಿಕೊಂಡು ಮುಂದಿಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆಅಡಿಕೆ ಎಲ್ಲ ಚಂದ್ರಕಲಾಳ ಉಡಿಗೆ ಬಿತ್ತು.

"ಚಂದಾಗಿ ತಗೋವಾ. ನಿಮ್ಮಣ್ಣ ಮುಂಜಾನಿಂದ 'ನನ್ನ ತಂಗಿ ಬಂದಾಳ' ಅಂತ ಹೇಳಾಕತ್ತಾನ," ಅಂದಳು ಗೋಪಮ್ಮ.

ಚಂದ್ರಕಲಾ ತಲೆಯೆತ್ತಿ ಅಂಬರೀಶನನ್ನು ನೋಡಿದಳು. ಆಮೇಲೆ ಗಳಗಳನೆ ಅಳತೊಡಗಿದಳು. ಕೆಟ್ಟೆ, ಇನ್ನು ಒಂದು ಸ್ಟಾರೂ ಬರುವುದಿಲ್ಲ ಅಂತ ಅಂಬರೀಶನಿಗೆ ಖಾತ್ರಿಯಾಯಿತು. ಮಾಳಿಗೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಇನ್ನೂ ಒಂದೂ ಪಾರಿವಾಳ ಇರಲಿಲ್ಲ.

ಕಾರು ಹತ್ತುವಾಗ ಆಕೆ ಅವನ ಎರಡೂ ಕೈ ಹಿಡಿದುಕೊಂಡಳು. "ನನಗೆ ಒಡಹುಟ್ಟಿದವರು ಯಾರೂ ಇಲ್ಲ ಅಣ್ಣಾ. ಅಮ್ಮ ಹೋದ ಮೇಲೆ ತವರಿನ ಬಾಗಿಲಿಗೆ ಬೀಗ ಬಿದ್ದು ಹನ್ನೊಂದು ವರ್ಷ ಆಯ್ತು. ಗುರುತು ಪರಿಚಯ ಇಲ್ಲದ ನನ್ನನ್ನು ತಂಗಿ ಅಂದ್ರಲ್ಲ ನೀವು!"

ಅಂಬರೀಶನಿಗೂ ನಿಜವಾಗಿ ಒಬ್ಬ ತಂಗಿ ಸಿಕ್ಕಂತಾಯಿತು. ಆದರೂ ಕೇಳದೆ ಇರಲಾಗಲಿಲ್ಲ. "ಆ ಸ್ಟಾರಿಂದು ಒಂದೀಟು..."

"ಅಯ್ಯೋ, ತವರುಮನೆಗೆ ಯಾರಾದರೂ ಸ್ಟಾರ್ ಕೊಡ್ತಾರಾ? ಬುಕಿಂಗನ್ನೇ ಕ್ಯಾನ್ಸಲ್ ಮಾಡಿಸಿದೆ. ಬಾಡಿಗೆ ಕೊಟ್ಟರೆ ನಿಮಗೆ ಅವಮಾನ ಅಂತ ಇವರೂ ಅಂದ್ರು."

ಗಂಡ ಅವತ್ತು ಮೊದಲ ಸಲ ನಕ್ಕ.

"ಮುಂದಿನ ವಾರ ಪಂಚಮಿಗೆ ಬರ್ತೀನಿ. ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ. ಒಂದೇ ಒಂದು ಮಾತು ಅಣ್ಣಾ. ನಾನು ಇಳಿದುಕೊಂಡ ಈ ಮನೆಯ ಬಾಗಿಲಿಗೆ ಬೀಗ ಹಾಕಬೇಡಿ. ನಾನು ಯಾವಾಗ ಬಂದರೂ ಒಳಗೆ ಯಾರಾದರೂ ಇರಬೇಕು."

"ಆತು ಬಿಡವಾ, ಅದು ನಮ್ಮ ಜವಾಬ್ದಾರಿ," ಅಂತ ದುರುಗಪ್ಪ ಓಣಿಯ ಪರವಾಗಿ ಮಾತು ಕೊಟ್ಟೇಬಿಟ್ಟ.

ಕಾರು ಮರೆಯಾಯಿತು. "ಒಳಗ ಯಾರು ಇರ್ತಾರ್ರೀ?" ಅನ್ನುತ್ತ ಅಂಬರೀಶ ತಿರುಗಿದರೆ, ಮೌನೇಶ್ವರಿ ಆಗಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು.

"ಉಮೇಶಾ, ಎಷ್ಟೊತ್ತಿಗಿ ಬರ್ತಿ?"

ಆ ಕಡೆಯಿಂದ ಮೊದಲು ಪಾರಿವಾಳಗಳ ಗುಟುರ್ ಗುಟುರ್ ಕೇಳಿಸಿತು. ಆಮೇಲೆ ಉಮೇಶನ ದನಿ. "ಮುಂಜಾನೀನೇ ಬುಟ್ಟಿ ಕಟ್ಟಿಕೊಂಡು ಕುಂತೀನಿ ಬೇ ಅಕ್ಕಾ. ಮಾಮಾಗ ಹೇಳು, ಈಗ ನಲವತ್ತಲ್ಲ, ಅರವತ್ತೆರಡು ಆಗ್ಯಾವ."